ರೆಂಡಾಂಗ್ ಮನೆಯಲ್ಲೇ ಮಾಡುವುದು: ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆಗಳು

ಮಂಗಳೂರು ಬಿಟ್ಟು ಮಲೇಷ್ಯಾದ ಸೆರೆಂಬಾನಿಗೆ ಬಂದು ಹನ್ನೊಂದು ವರ್ಷ ಆಯಿತು. ಊರಿಗೆ ಹೋದಾಗಲೆಲ್ಲ ಒಂದು ಡಬ್ಬಿ ರೆಂಡಾಂಗ್ (ಕಾಯಿಹಾಲಿನಲ್ಲಿ ಒಣಗುವ ತನಕ ಬೇಯಿಸುವ ಇಲ್ಲಿನ ಮಾಂಸದ ಅಡುಗೆ) ಮಾಡಿ ಬಡಿಸುತ್ತೇನೆ. ಆಮೇಲೆ ಶುರುವಾಗುತ್ತವೆ ಪ್ರಶ್ನೆಗಳು. ಫೋನಿನಲ್ಲಿ, ಮದುವೆ ಮನೆಯಲ್ಲಿ, ಒಮ್ಮೆಯಂತೂ ಆಸ್ಪತ್ರೆಯ ವರಾಂಡದಲ್ಲಿ. ಹೇಳಿದ್ದನ್ನೇ ಹೇಳಿ ಸಾಕಾಗಿ ಒಂದೇ ಕಡೆ ಬರೆದಿಟ್ಟಿದ್ದೇನೆ. ನನಗೆ ಇದನ್ನು ಕಲಿಸಿದ್ದು ಪಕ್ಕದ ಮನೆಯ ಮಕ್‌ಚಿಕ್. ಇಲ್ಲಿ ವಯಸ್ಸಾದ ಹೆಂಗಸರನ್ನು ಹಾಗೆ ಕರೆಯುತ್ತಾರೆ, ನಮ್ಮಲ್ಲಿ ಚಿಕ್ಕಮ್ಮ ಅಂದ ಹಾಗೆ.

## ಮೊದಲು ತಿಳಿಯಬೇಕಾದ್ದು

ರೆಂಡಾಂಗ್ ಅಂದ್ರೆ ಬೀಫ್ ಕರಿ ತಾನೇ?

ಅಲ್ಲ. ಇಲ್ಲಿನವರ ಮುಂದೆ ಹಾಗಂದರೆ ಮುಖ ಸಣ್ಣ ಮಾಡುತ್ತಾರೆ. ಮಲಯ್ ಅಡುಗೆಯಲ್ಲಿ 'ಕಾರಿ' ಎಂಬುದು ಬೇರೆಯೇ ಇದೆ. ಅದಕ್ಕೆ ಮಸಾಲೆ ಪುಡಿ ಬೀಳುತ್ತದೆ, ಸಾರು ಇರುತ್ತದೆ, ಅದು ನಮ್ಮ ಕಡೆಯಿಂದ ಹೋದವರ ಪ್ರಭಾವ. ರೆಂಡಾಂಗ್ ಶುರುವಾಗುವಾಗ ಸಾರಿನ ಹಾಗೇ ಕಾಣುತ್ತದೆ. ಆದರೆ ಕಾಯಿಹಾಲಿನ ನೀರೆಲ್ಲ ಆರುವ ತನಕ ಕಾಯಿಸುತ್ತೀರಿ. ನೀರು ಹೋಗಿ ಎಣ್ಣೆ ಉಳಿಯುತ್ತದೆ. ಅದೇ ಎಣ್ಣೆಯಲ್ಲಿ ಮಾಂಸ ಹುರಿಯುತ್ತದೆ. ನಾವು ಮೊದಲು ಹುರಿದು ಆಮೇಲೆ ಬೇಯಿಸುತ್ತೇವೆ, ಇವರು ಮೊದಲು ಬೇಯಿಸಿ ಆಮೇಲೆ ಹುರಿಯುತ್ತಾರೆ. ಇಷ್ಟು ತಲೆಯಲ್ಲಿಟ್ಟುಕೊಂಡರೆ ಮುಂದಿನ ಅರ್ಧ ಪ್ರಶ್ನೆಗಳು ಬೇಡವೇ ಬೇಡ.

ನೋಡಿದ್ರೆ ನಮ್ಮ ಸುಕ್ಕದ ಥರಾನೇ ಇದೆ. ಏನು ವ್ಯತ್ಯಾಸ?

ನೋಡಲು ಹೌದು. ಎರಡರಲ್ಲೂ ತೆಂಗಿನಕಾಯಿ, ಎರಡೂ ಒಣ. ಆದರೆ ಸುಕ್ಕದಲ್ಲಿ ಬೆಂದ ಮಾಂಸಕ್ಕೆ ಕೊನೆಯಲ್ಲಿ ಕಾಯಿತುರಿ ಸೇರಿಸಿ ಮಗುಚುತ್ತೇವೆ. ರೆಂಡಾಂಗಿನಲ್ಲಿ ಕಾಯಿ ಎರಡು ಸಲ ಬರುತ್ತದೆ. ಮೊದಲು ಹಾಲಾಗಿ, ಕೊನೆಗೆ ಹುರಿದು ಕುಟ್ಟಿದ ಮುದ್ದೆಯಾಗಿ. ಕೊತ್ತಂಬರಿ, ಜೀರಿಗೆ, ಮೆಂತ್ಯದ ಘಮ ಇಲ್ಲಿ ಮುಂದೆ ಬರುವುದಿಲ್ಲ. ಬದಲಿಗೆ ಮಜ್ಜಿಗೆ ಹುಲ್ಲು, ಲೆಂಗ್ಕುವಾಸ್ ಎಂಬ ಶುಂಠಿ ಜಾತಿಯ ಬೇರು, ಅರಿಶಿನ ಎಲೆ.

ಇದು ಮಲೇಷ್ಯಾದ್ದಾ, ಇಂಡೋನೇಷ್ಯಾದ್ದಾ?

ಹುಟ್ಟಿದ್ದು ಇಂಡೋನೇಷ್ಯಾದ ಪಶ್ಚಿಮ ಸುಮಾತ್ರಾದಲ್ಲಿ, ಮಿನಾಂಗ್‌ಕಬಾವ್ ಜನರ ಮನೆಯಲ್ಲಿ. ಅವರ ಗಂಡಸರಿಗೆ ಊರು ಬಿಟ್ಟು ದುಡಿಯಲು ಹೋಗುವ ಪದ್ಧತಿ ಇದೆ, 'ಮೆರಾಂತಾವ್' ಎನ್ನುತ್ತಾರೆ. ದಾರಿಗೆ ಕೆಡದ ಬುತ್ತಿ ಬೇಕಲ್ಲ, ಅದಕ್ಕೆ ಇದು ಹೇಳಿ ಮಾಡಿಸಿದ ಹಾಗಿತ್ತು. ಹಾಗೆ ಸಮುದ್ರ ದಾಟಿ ಬಂದವರು ನೆಲೆ ನಿಂತದ್ದು ನಾನಿರುವ ಈ ನೆಗೆರಿ ಸೆಂಬಿಲಾನ್ ರಾಜ್ಯದಲ್ಲಿ. ಇಲ್ಲಿ ಈಗಲೂ ಆಸ್ತಿ ತಾಯಿಯಿಂದ ಮಗಳಿಗೆ ಹೋಗುವ ಕಟ್ಟಳೆ ಇದೆ. ಅಳಿಯಸಂತಾನ ಕೇಳಿ ಬೆಳೆದ ನನಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

ಮಿನಾಂಗ್ ಅಡುಗೆಯಲ್ಲಿ ಒಂದೇ ಪಾತ್ರೆಗೆ ಮೂರು ಹೆಸರು. ತೆಳ್ಳಗಿದ್ದಾಗ ಗುಲಾಯ್, ಗಟ್ಟಿ ಗ್ರೇವಿಯಾದಾಗ ಕಾಲಿಯೊ, ಪೂರ್ತಿ ಆರಿ ಕಪ್ಪಾದಾಗ ರೆಂಡಾಂಗ್. ಮಲೇಷ್ಯಾದ ಎಷ್ಟೋ ಮನೆಗಳಲ್ಲಿ ಕಾಲಿಯೊ ಹದ ದಾಟಿದ ಕೂಡಲೇ ಒಲೆ ಆರಿಸಿ, ಕೆರಿಸಿಕ್ (ಹುರಿದು ಕುಟ್ಟಿದ ಆ ಕಾಯಿ ಮುದ್ದೆ) ಹಾಕಿ ಗಟ್ಟಿ ಮಾಡುತ್ತಾರೆ. ಯಾರದು ಸರಿ ಎಂಬ ಜಗಳಕ್ಕೆ ನಾನು ಹೋಗುವುದಿಲ್ಲ. ಎರಡೂ ಚೆನ್ನಾಗಿರುತ್ತದೆ.

ತುಂಬಾ ಖಾರನಾ? ಮಕ್ಕಳು ತಿಂತಾರಾ?

ನಮ್ಮ ಕೈಗೆ ಇದು ಖಾರವೇ ಅಲ್ಲ. ಬ್ಯಾಡಗಿ ಮೆಣಸು ಹಾಕಿ, ಬೀಜ ತೆಗೆದು ರುಬ್ಬಿ. ಬಣ್ಣ ಬರುತ್ತದೆ, ಉರಿ ಬರುವುದಿಲ್ಲ. ಕಾಯಿಹಾಲಿನ ಸಿಹಿಯೂ ಇರುತ್ತದೆ. ನನ್ನ ಮಗಳು ಮೂರು ವರ್ಷದಿಂದಲೇ ತಿನ್ನುತ್ತಿದ್ದಾಳೆ.

ಎಷ್ಟು ಹೊತ್ತು ಬೇಕು?

ಒಂದು ಕಿಲೋಗೆ ಒಲೆಯ ಮೇಲೆ ಎರಡೂವರೆಯಿಂದ ಮೂರು ಗಂಟೆ. ರುಬ್ಬಲು, ಕಾಯಿಹಾಲು ಹಿಂಡಲು ಇನ್ನೊಂದು ಗಂಟೆ. ಮೊದಲ ಒಂದೂವರೆ ಗಂಟೆ ನೀವು ಬೇರೆ ಕೆಲಸ ಮಾಡಿಕೊಳ್ಳಬಹುದು. ಕೊನೆಯ ಮುಕ್ಕಾಲು ಗಂಟೆ ಮಾತ್ರ ಒಲೆ ಬಿಟ್ಟು ಅಲ್ಲಾಡುವ ಹಾಗಿಲ್ಲ. ಆಫೀಸಿನಿಂದ ಬಂದು ರಾತ್ರಿ ಊಟಕ್ಕೆ ಮಾಡುವ ಅಡುಗೆ ಇದಲ್ಲ. ಭಾನುವಾರಕ್ಕೆ ಇಟ್ಟುಕೊಳ್ಳಿ.

## ಸಾಮಾನಿನ ವಿಷಯ

ಅಕ್ಕಾ, ಒಂದು ಕಿಲೋಗೆ ಅಳತೆ ಹೇಳಿ. "ಕಣ್ಣಂದಾಜು" ಅನ್ಬೇಡಿ.

ಸರಿ, ಬರೆದುಕೊಳ್ಳಿ.

ರುಬ್ಬಲು: ಬಿಸಿನೀರಲ್ಲಿ ನೆನೆಸಿದ 20 ಒಣಮೆಣಸು, 15 ಸಣ್ಣ ಈರುಳ್ಳಿ, 6 ಎಸಳು ಬೆಳ್ಳುಳ್ಳಿ, ಒಂದು ಇಂಚು ಶುಂಠಿ, ಎರಡು ಇಂಚು ಲೆಂಗ್ಕುವಾಸ್, ಒಂದು ಇಂಚು ಹಸಿ ಅರಿಶಿನ, 3 ಮಜ್ಜಿಗೆ ಹುಲ್ಲಿನ ಬುಡದ ಬಿಳಿ ಭಾಗ.

ಇಡಿಯಾಗಿ ಹಾಕಲು: ಒಂದು ತುಂಡು ಚಕ್ಕೆ, 4 ಲವಂಗ, 4 ಏಲಕ್ಕಿ, 2 ಚಕ್ರಮೊಗ್ಗು. ಈ ನಾಲ್ಕನ್ನೂ ಇಲ್ಲಿ 'ನಾಲ್ವರು ಒಡಹುಟ್ಟಿದವರು' ಅಂತಲೇ ಕರೆಯುತ್ತಾರೆ. ಜೊತೆಗೆ ಜಜ್ಜಿದ 2 ಮಜ್ಜಿಗೆ ಹುಲ್ಲು.

ಉಳಿದದ್ದು: ಎರಡು ತೆಂಗಿನಕಾಯಿಯ ಹಾಲು (ಮೊದಲ ಹಾಲು ಎರಡು ಲೋಟ, ಎರಡನೇ ಹಾಲು ಮೂರು ಲೋಟ), ಕೆರಿಸಿಕ್ಕಿಗೆ ಒಂದು ಲೋಟ ಕಾಯಿತುರಿ, ಒಂದು ಅರಿಶಿನ ಎಲೆ, 5 ಲಿಮಾವ್ ಪುರುತ್ (ಕಾಫಿರ್ ಲೈಮ್ ಎಂಬ ನಿಂಬೆ ಜಾತಿ) ಎಲೆ, ಹುಳಿಗೆ 2 ತುಂಡು ಆಸಾಮ್ ಕೆಪಿಂಗ್ (ಒಣಗಿಸಿದ ಹುಳಿ ಹಣ್ಣಿನ ಚೂರು), ಒಂದು ಚಮಚ ಬೆಲ್ಲ, ಉಪ್ಪು, ಕಾಲು ಲೋಟ ಎಣ್ಣೆ.

ಈರುಳ್ಳಿ ಸಣ್ಣದೇ ಇರಲಿ. ದೊಡ್ಡದರಲ್ಲಿ ನೀರು ಜಾಸ್ತಿ, ಮಸಾಲೆ ಹುರಿಯುವ ಬದಲು ಬೇಯುತ್ತಾ ಕೂರುತ್ತದೆ.

ಯಾವ ಭಾಗದ ಮಾಂಸ ತಗೊಳ್ಳಲಿ? ಊರಲ್ಲಿ ಸಿಗೋದು ಎಮ್ಮೆ ಮಾಂಸ, ಆಗುತ್ತಾ?

ಭುಜ, ತೊಡೆ, ಮೊಣಕಾಲ ಕೆಳಗಿನ ಭಾಗ. ದುಡಿದ ಸ್ನಾಯು ಬೇಕು, ಮಧ್ಯೆ ನರ, ಸ್ವಲ್ಪ ಕೊಬ್ಬು ಇರಬೇಕು. ಆ ನರವೇ ನಿಧಾನಕ್ಕೆ ಕರಗಿ ಅಂಟಂಟಾದ ಸವಿ ಕೊಡುವುದು. ಮೆತ್ತಗಿನ ದುಬಾರಿ ಭಾಗ ತಂದರೆ ಒಂದು ಗಂಟೆಗೇ ಒಣ ನಾರಾಗುತ್ತದೆ, ದುಡ್ಡು ದಂಡ.

ಎಮ್ಮೆ ಮಾಂಸ ಧಾರಾಳವಾಗಿ ಆಗುತ್ತದೆ. ಕರ್ನಾಟಕದಲ್ಲಿ 2020ರ ಕಾಯಿದೆ ಪ್ರಕಾರ ಹಸು, ಹೋರಿ, ಎತ್ತು, ಕರುಗಳನ್ನು ಯಾವ ವಯಸ್ಸಿನಲ್ಲೂ ಕಡಿಯುವಂತಿಲ್ಲ. ಅವಕಾಶ ಇರುವುದು 13 ವರ್ಷ ದಾಟಿದ ಎಮ್ಮೆ, ಕೋಣಕ್ಕೆ ಮಾತ್ರ. ಅಂದರೆ ವಯಸ್ಸಾದ ಪ್ರಾಣಿಯ ಮಾಂಸ, ಬೇಯಲು ಮುಕ್ಕಾಲು ಗಂಟೆ ಜಾಸ್ತಿ ಹಿಡಿಯುತ್ತದೆ. ಒಂದು ಲೋಟ ನೀರು ಹೆಚ್ಚಿಗೆ ಹಾಕಿಕೊಳ್ಳಿ. ತಮಾಷೆ ಏನೆಂದರೆ ಮಲೇಷ್ಯಾದ ಅಂಗಡಿಗಳಲ್ಲಿ ಅಗ್ಗಕ್ಕೆ ಸಿಗುವ ಫ್ರೋಜನ್ ಮಾಂಸದ ಬಹುಪಾಲು ಭಾರತದಿಂದ ಬರುವ ಎಮ್ಮೆ ಮಾಂಸವೇ. ಇಲ್ಲಿನ ಎಷ್ಟೋ ಮನೆಯ ರೆಂಡಾಂಗ್ ನಮ್ಮ ದೇಶದ ಎಮ್ಮೆಯದ್ದೇ!

ತುಂಡು ದೊಡ್ಡದಿರಲಿ, ಎರಡು ಬೆರಳಿನಷ್ಟು ದಪ್ಪ. ಸುಕ್ಕಕ್ಕೆ ಕತ್ತರಿಸಿದ ಹಾಗೆ ಸಣ್ಣಗೆ ಮಾಡಿದರೆ ಕೊನೆಗೆ ಪುಡಿಯಷ್ಟೇ ಉಳಿಯುತ್ತದೆ.

ಈ ಎಲೆ, ಬೇರು ಎಲ್ಲ ನಮ್ಮಲ್ಲಿ ಎಲ್ಲಿ ಸಿಗುತ್ತೆ ಮಾರಾಯ್ತಿ?

ಅಂದುಕೊಂಡದ್ದಕ್ಕಿಂತ ಹತ್ತಿರದಲ್ಲೇ ಇದೆ. ಅರಿಶಿನ ಎಲೆಯನ್ನು ಕರಾವಳಿಯವರಿಗೆ ನಾನು ಪರಿಚಯ ಮಾಡಿಸಬೇಕೇ? ನಾಗರಪಂಚಮಿಗೆ ಕಡುಬು ಮಾಡುವ ಅದೇ ಎಲೆ. ಮೊದಲ ಸಲ ಮಕ್‌ಚಿಕ್ ಅದನ್ನು ಮಾಂಸಕ್ಕೆ ಹಾಕಿದಾಗ ನನಗೆ ಬೆಲ್ಲ ಕಾಯಿಯ ನೆನಪಾಗಿ ವಿಚಿತ್ರ ಅನ್ನಿಸಿತ್ತು. ಈಗ ಆ ಎಲೆ ಇಲ್ಲದ ರೆಂಡಾಂಗ್ ಸಪ್ಪೆ ಅನ್ನಿಸುತ್ತದೆ.

ಸೆರೈ ಅಂದರೆ ಮಜ್ಜಿಗೆ ಹುಲ್ಲು. ಟೀಗೆ ಹಾಕುವ ಎಲೆ ಸಾಲದು, ಬುಡದ ದಪ್ಪ ದಂಟು ಬೇಕು. ಹಿತ್ತಿಲಲ್ಲಿ ಇದ್ದರೆ ಬುಡಸಹಿತ ಕಿತ್ತು ತನ್ನಿ.

ಆಸಾಮ್ ಕೆಪಿಂಗ್ ನಮ್ಮ ಮಲೆನಾಡಿನ ಉಪ್ಪಾಗೆಯ ಹತ್ತಿರದ ಸಂಬಂಧಿ. ಒಣ ಉಪ್ಪಾಗೆ ಸಿಪ್ಪೆ ಎರಡು ಹಾಕಿದರೆ ಸಾಕು. ಇಲ್ಲದಿದ್ದರೆ ಹುಣಸೆ. ಪುನರ್ಪುಳಿ ಬೇಡ, ಬಣ್ಣ ಬಿಡುತ್ತದೆ.

ಲೆಂಗ್ಕುವಾಸ್ ಸ್ವಲ್ಪ ಕಷ್ಟ. ನೋಡಲು ಶುಂಠಿಯ ಹಾಗಿದ್ದರೂ ವಾಸನೆ ಬೇರೆ, ಪೈನ್ ಮರದ ಹಾಗೆ ಚುರುಕು. ಬೆಂಗಳೂರಿನ ದೊಡ್ಡ ಸೂಪರ್‌ ಮಾರ್ಕೆಟ್‌ಗಳಲ್ಲಿ ಥಾಯ್ ಅಡುಗೆಯ ತರಕಾರಿ ಜೊತೆ ಇಟ್ಟಿರುತ್ತಾರೆ. ಸಿಗದಿದ್ದರೆ ಶುಂಠಿ ದುಪ್ಪಟ್ಟು ಮಾಡಬೇಡಿ, ಅದು ಬೇರೆಯೇ ಅಡುಗೆಯಾಗುತ್ತದೆ. ಸುಮ್ನೆ ಬಿಟ್ಟುಬಿಡಿ.

ಲಿಮಾವ್ ಪುರುತ್ ಎಲೆಯೂ ಥಾಯ್ ಸಾಮಾನಿನ ಜೊತೆಗೇ ಸಿಗುತ್ತದೆ. ಸಿಗದೇ ಹೋದರೆ ನಿಂಬೆ ಗಿಡದ ಎಳೆ ಎಲೆ ಎರಡು. ಅದೇ ಘಮ ಬರುವುದಿಲ್ಲ, ಆದರೂ ಏನೂ ಇಲ್ಲದ್ದಕ್ಕಿಂತ ವಾಸಿ.

ಪ್ಯಾಕೆಟ್ ಕಾಯಿಹಾಲು ಹಾಕಿದ್ರೆ ಏನಾಗುತ್ತೆ?

ಆಗುತ್ತದೆ, ಆದರೆ ಎಣ್ಣೆ ಸರಿಯಾಗಿ ಬಿಡುವುದಿಲ್ಲ. ಪ್ಯಾಕೆಟ್ ಹಾಲು ಒಡೆಯದಿರಲೆಂದು ಅದಕ್ಕೆ ಏನೇನೋ ಸೇರಿಸಿರುತ್ತಾರೆ. ನಮಗೆ ಬೇಕಾದದ್ದೇ ಅದು ಒಡೆಯುವುದು! ಬೇರೆ ದಾರಿ ಇಲ್ಲದಿದ್ದರೆ ಪ್ಯಾಕೆಟ್ಟಿನ ಹಿಂದೆ ಓದಿ, ಬರೀ ತೆಂಗು, ನೀರು ಇರುವುದನ್ನು ತನ್ನಿ.

ಮಲಯ್ ಭಾಷೆಯಲ್ಲಿ ಕಾಯಿಹಾಲಿಗೆ 'ಸಂತಾನ್' ಎನ್ನುತ್ತಾರೆ. ಇಲ್ಲಿನ ಬೆಳಗಿನ ಸಂತೆಯಲ್ಲಿ ಕಾಯಿ ತುರಿದು ಹಿಂಡಿ ಕೊಡುವ ಅಂಗಡಿಗಳಿವೆ. ಮದುವೆಯಾಗಿ ಹೊಸತರಲ್ಲಿ ಹೋದಾಗ ಅಂಗಡಿಯವ ನನ್ನನ್ನೂ ಗಂಡನನ್ನೂ ನೋಡಿ "ಸಂತಾನ್ ಎಷ್ಟು ಬೇಕು?" ಎಂದ. ಇಬ್ಬರೂ ದಾರಿಯುದ್ದಕ್ಕೂ ನಕ್ಕೆವು.

ಕೆರಿಸಿಕ್ ಅಂದ್ರೆ ಏನು? ಬಿಟ್ರೆ ನಡೆಯುತ್ತಾ?

ನಡೆಯುವುದಿಲ್ಲ. ಬೇರೆ ಏನು ಬೇಕಾದರೂ ಬಿಡಿ, ಇದೊಂದು ಬಿಡಬೇಡಿ. ಮಲಯ್ ರೆಂಡಾಂಗಿನ ಜೀವ ಇದರಲ್ಲಿದೆ.

ಕಾಯಿತುರಿಯನ್ನು ಎಣ್ಣೆ ಹಾಕದೆ ಸಣ್ಣ ಉರಿಯಲ್ಲಿ ಕೈ ಬಿಡದೆ ಹುರಿಯಿರಿ. ಹದಿನೈದು ಇಪ್ಪತ್ತು ನಿಮಿಷ. ಬೆಲ್ಲದ ಬಣ್ಣಕ್ಕೆ ಬಂದ ಕೂಡಲೇ ಬೇರೆ ತಟ್ಟೆಗೆ ಸುರಿಯಿರಿ, ಬಾಣಲೆಯಲ್ಲೇ ಬಿಟ್ಟರೆ ಅದರ ಬಿಸಿಗೇ ಕಪ್ಪಾಗುತ್ತದೆ. ಬಿಸಿ ಇರುವಾಗಲೇ ಕುಟ್ಟಾಣಿಯಲ್ಲಿ ಕುಟ್ಟಿ. ಮೊದಲು ಪುಡಿಯಾಗುತ್ತದೆ. ಅಲ್ಲಿಗೆ ನಿಲ್ಲಿಸಬೇಡಿ. ಕುಟ್ಟುತ್ತಾ ಹೋದ ಹಾಗೆ ತೆಂಗಿನೆಣ್ಣೆ ಹೊರಬಂದು ಹೊಳೆಯುವ ಕಂದು ಮುದ್ದೆಯಾಗುತ್ತದೆ. ಮಿಕ್ಸಿಯಲ್ಲೂ ಬರುತ್ತದೆ. ನೀರು ಮಾತ್ರ ಒಂದು ಹನಿಯೂ ಬೀಳಬಾರದು.

ಒಣ ಕೊಬ್ಬರಿಯಲ್ಲಿ ಮಾಡಬಹುದಾ ಎಂದು ಮುಂದಿನ ಪ್ರಶ್ನೆ ಬರುತ್ತದೆ, ಗೊತ್ತು. ಮಾಡಿದ್ದೇನೆ. ಕಮಟು ಬಂತು.

## ಒಲೆಯ ಮುಂದೆ

ಮೊದಲಿಂದ ಕೊನೆವರೆಗೆ ಹೇಗೆ ಮಾಡೋದು, ಒಮ್ಮೆ ಹೇಳಿಬಿಡಿ.

ದಪ್ಪ ತಳದ ಅಗಲ ಬಾಣಲೆ ಇಡಿ. ಅಗಲ ಬೇಕು, ಆಳ ಅಲ್ಲ. ನೀರು ಬೇಗ ಆರಬೇಕಲ್ಲ.

ಎಣ್ಣೆ ಕಾದ ಮೇಲೆ ಚಕ್ಕೆ ಲವಂಗ ಇತ್ಯಾದಿ ಹಾಕಿ, ಘಮ ಬಂದ ಕೂಡಲೇ ರುಬ್ಬಿದ ಮಸಾಲೆ. ಮಧ್ಯಮ ಉರಿಯಲ್ಲಿ ಹದಿನೈದು ನಿಮಿಷ. ಹಸಿ ವಾಸನೆ ಹೋಗಿ, ಬಣ್ಣ ಕಡುಕೆಂಪಾಗಿ, ಅಂಚಿನಲ್ಲಿ ಎಣ್ಣೆ ಬಿಡಬೇಕು. ಇದಕ್ಕೆ ಇಲ್ಲಿ 'ಪೆಚಾ ಮಿಞಕ್' ಎನ್ನುತ್ತಾರೆ, ಎಣ್ಣೆ ಒಡೆಯುವುದು ಅಂತ. ಇಲ್ಲಿ ಅವಸರ ಮಾಡಿದರೆ ಹಸಿ ಈರುಳ್ಳಿಯ ರುಚಿ ಮೂರು ಗಂಟೆ ಕಾಯಿಸಿದರೂ ಹೋಗುವುದಿಲ್ಲ.

ಆಮೇಲೆ ಮಾಂಸ. ಮಸಾಲೆ ಹಿಡಿಯುವ ಹಾಗೆ ಐದು ನಿಮಿಷ ಮಗುಚಿ. ಎರಡನೇ ಹಾಲು, ಜಜ್ಜಿದ ಮಜ್ಜಿಗೆ ಹುಲ್ಲು ಹಾಕಿ ಕುದಿ ಬರಿಸಿ. ಕುದಿ ಬಂದ ಮೇಲೆ ಉರಿ ತಗ್ಗಿಸಿ. ಮುಚ್ಚಳ ಓರೆಯಾಗಿರಲಿ. ಒಂದು ಗಂಟೆ ಬಿಟ್ಟು ಮೊದಲ ಹಾಲು, ಹುಳಿ, ಬೆಲ್ಲ, ಅರ್ಧದಷ್ಟೇ ಉಪ್ಪು. ನೀರು ಆರಿದಂತೆ ಉಪ್ಪು ಗಟ್ಟಿಯಾಗುತ್ತದೆ, ಈಗಲೇ ರುಚಿ ನೋಡಿ ಸರಿಮಾಡಿದರೆ ಕೊನೆಗೆ ಬಾಯಿಗಿಡಲು ಆಗುವುದಿಲ್ಲ. ಇನ್ನು ಮುಚ್ಚಳ ಬೇಡ.

ಮಾಂಸ ಉಗುರಿಗೆ ಮುರಿಯುವ ಹಾಗೆ ಬೆಂದು, ರಸ ಗಟ್ಟಿಯಾದಾಗ ಕೆರಿಸಿಕ್ ಸೇರಿಸಿ. ಇಲ್ಲಿಂದ ಸಟ್ಟುಗ ಕೈಯಲ್ಲೇ ಇರಲಿ. "ಕಾಚಾವ್, ಕಾಚಾವ್" ಎನ್ನುತ್ತಾ ಮಕ್‌ಚಿಕ್ ನನ್ನ ಬೆನ್ನ ಹಿಂದೆ ನಿಲ್ಲುತ್ತಿದ್ದರು. ತಿರುವು, ತಿರುವು ಅಂತ. ಮಲಯ್‌ನಲ್ಲಿ ಅದೇ ಮಾತಿಗೆ ತೊಂದರೆ ಕೊಡು ಎಂಬ ಅರ್ಥವೂ ಇದೆ. ನನ್ನ ತೋಳು ಅದನ್ನು ಪೂರ್ತಿ ಒಪ್ಪುತ್ತದೆ.

ಅರಿಶಿನ ಎಲೆ, ಲಿಮಾವ್ ಎಲೆಯನ್ನು ನಡುನಾರು ತೆಗೆದು ಕೂದಲಷ್ಟು ತೆಳ್ಳಗೆ ಹೆಚ್ಚಿ ಕೊನೆಯ ಹತ್ತು ನಿಮಿಷಕ್ಕೆ ಹಾಕಿ. ಉಪ್ಪು ಈಗ ನೋಡಿ.

ಆಯ್ತು ಅಂತ ಗೊತ್ತಾಗೋದು ಹೇಗೆ?

ಕಿವಿಯಿಂದ. ಸಾರಿದ್ದಾಗ ಗುಳುಗುಳು ಸದ್ದು. ಗಟ್ಟಿಯಾದಾಗ ಪ್ಲಪ್ ಪ್ಲಪ್ ಎಂದು ಹಾರುತ್ತದೆ, ಕೈ ಜೋಪಾನ. ನೀರು ಪೂರ್ತಿ ಹೋದಾಗ ಚುಯ್ ಎಂದು ಹುರಿಯುವ ಸದ್ದು ಶುರು. ಸಟ್ಟುಗದಿಂದ ಎಳೆದರೆ ತಳ ಕಂಡು ಎಣ್ಣೆ ಮಾತ್ರ ಹರಿದು ಬರಬೇಕು. ಆ ಹುರಿಯುವ ಸದ್ದು ಕೇಳಿದ ಮೇಲೆ ಇನ್ನೂ ಹತ್ತು ನಿಮಿಷ. ಹೊಸಬರು ಎಲ್ಲರೂ ಪ್ಲಪ್ ಹಂತದಲ್ಲೇ ಒಲೆ ಆರಿಸುತ್ತಾರೆ. ನಾನೂ ಎರಡು ವರ್ಷ ಅದನ್ನೇ ಮಾಡಿದ್ದೆ.

ಅಯ್ಯೋ, ಕಾಯಿಹಾಲು ಒಡೆದು ಹೋಯ್ತು! ಎಸೀಬೇಕಾ?

ಬೇಡ, ಖುಷಿಪಡಿ. ಮೀನು ಸಾರಿನಲ್ಲಿ ಅದು ತಪ್ಪು, ಇಲ್ಲಿ ಅದೇ ಗುರಿ.

ಕುಕ್ಕರಲ್ಲಿ ಮಾಡಬಹುದಾ?

ಅರ್ಧ ಮಾತ್ರ. ಹುರಿದ ಮಸಾಲೆ, ಮಾಂಸ, ಒಂದೂವರೆ ಲೋಟ ಎರಡನೇ ಹಾಲು ಹಾಕಿ ಮೊದಲ ಸೀಟಿ ಬಂದ ಮೇಲೆ ಸಣ್ಣ ಉರಿಯಲ್ಲಿ ಇಪ್ಪತ್ತು ನಿಮಿಷ. ಮುಕ್ಕಾಲು ಬೆಂದರೆ ಸಾಕು. ಆಮೇಲೆ ಬಾಣಲೆಗೆ ಸುರಿದು ಮೊದಲ ಹಾಲು ಹಾಕಿ ಆರಿಸಿ. ಕುಕ್ಕರ್ ಮಾಂಸ ಮೆತ್ತಗೆ ಮಾಡುತ್ತದೆ. ನೀರು ಆರಿಸುವ ಕೆಲಸ ಅದಕ್ಕೆ ಬರುವುದಿಲ್ಲ. ಕುಕ್ಕರಲ್ಲೇ ಪೂರ್ತಿ ಮಾಡಿ "ರೆಂಡಾಂಗ್" ಎಂದು ಫೋಟೋ ಕಳಿಸುವ ನನ್ನ ತಂಗಿಗೆ ಇದನ್ನು ಎಷ್ಟು ಸಲ ಹೇಳಿದರೂ ಅಷ್ಟೇ.

ಯಾಕೋ ಕಹಿ ಬಂತು. ಎಲ್ಲಿ ತಪ್ಪಿತು?

ಮೂರರಲ್ಲಿ ಒಂದು. ಕೆರಿಸಿಕ್ ಕಪ್ಪಾಗಿರಬೇಕು, ಮಸಾಲೆ ತಳ ಹಿಡಿದಿರಬೇಕು, ಇಲ್ಲವೇ ಲಿಮಾವ್ ಎಲೆ ಬೇಗ ಹಾಕಿ ತುಂಬಾ ಹೊತ್ತು ಕುದಿಸಿರಬೇಕು. ಸ್ವಲ್ಪವೇ ಕಹಿಯಾದರೆ ಬೆಲ್ಲ ಒಂದು ಚಮಚ ಜಾಸ್ತಿ. ತಳ ಹಿಡಿದದ್ದು ಗೊತ್ತಾದರೆ ಕೆರೆಯಬೇಡಿ, ಮೇಲಿನದ್ದನ್ನು ಬೇರೆ ಪಾತ್ರೆಗೆ ತೆಗೆಯಿರಿ. ಸೀದ ವಾಸನೆ ಎಲ್ಲದಕ್ಕೂ ಹಿಡಿದಿದ್ದರೆ ಮದ್ದಿಲ್ಲ.

## ಕೈ ಪಳಗಿದ ಮೇಲೆ

ರೆಂಡಾಂಗ್ ತೋಕ್ ಅಂತ ಒಂದಿದೆಯಂತೆ, ಅದೇನು?

ಉತ್ತರದ ಪೆರಾಕ್ ರಾಜ್ಯದ್ದು. ಪೂರ್ತಿ ಒಣ, ಕಡುಕಂದು, ಮಸಾಲೆ ಹೆಚ್ಚು. ಇಲ್ಲಿ ನಮ್ಮ ನೆಗೆರಿ ಸೆಂಬಿಲಾನಿನದ್ದು ಅದಕ್ಕೆ ತದ್ವಿರುದ್ಧ. ಒಣಮೆಣಸಿನ ಬದಲು ಚಿಲಿ ಆಪಿ ಎಂಬ ಸಣ್ಣ ಹಸಿಮೆಣಸು, ಜೊತೆಗೆ ಹಸಿ ಅರಿಶಿನ. ಹಾಗಾಗಿ ಹಸಿರು ಹಳದಿ ಬಣ್ಣ. ಆ ಮೆಣಸು ನಮ್ಮ ಗಾಂಧಾರಿ ಮೆಣಸಿನ ಹಾಗೆ, ಆಕಾರ ನೋಡಿ ಮೋಸ ಹೋಗಬೇಡಿ. ಮೊದಲಿನ ಪ್ರಶ್ನೆಯಲ್ಲಿ "ಖಾರವೇ ಅಲ್ಲ" ಎಂದೆನಲ್ಲ, ಅದು ಇದಕ್ಕೆ ಅನ್ವಯಿಸುವುದಿಲ್ಲ.

ನಾವು ಬೀಫ್ ತಿನ್ನಲ್ಲ. ಕೋಳಿಯಲ್ಲೋ ತರಕಾರಿಯಲ್ಲೋ ಬರುತ್ತಾ?

ಕೋಳಿ ರೆಂಡಾಂಗ್ ಇಲ್ಲಿ ಮನೆಮನೆಯಲ್ಲೂ ಇದೆ. ಊರಿನ ಕೋಳಿಯಾದರೆ ಒಳ್ಳೆಯದು. ಫಾರಂ ಕೋಳಿಗೆ ಕಾಯಿಹಾಲು ಅರ್ಧ ಮಾಡಿ, ಮೊದಲು ರಸ ಗಟ್ಟಿ ಮಾಡಿ ಆಮೇಲೆ ಕೋಳಿ ಹಾಕಿ. 2018ರಲ್ಲಿ ಬ್ರಿಟನ್ನಿನ ಮಾಸ್ಟರ್‌ಶೆಫ್ ಕಾರ್ಯಕ್ರಮದಲ್ಲಿ ಮಲೇಷ್ಯಾ ಮೂಲದ ಸ್ಪರ್ಧಿಯ ಕೋಳಿ ರೆಂಡಾಂಗ್ ನೋಡಿ, ಚರ್ಮ ಗರಿಗರಿ ಇಲ್ಲ ಎಂದು ತೀರ್ಪುಗಾರರು ತಕರಾರು ತೆಗೆದರು. ಮಲೇಷ್ಯಾ, ಇಂಡೋನೇಷ್ಯಾ ಎರಡೂ ಜಗಳ ಮರೆತು ಒಂದಾಗಿ ಸಿಟ್ಟಾದವು. ಬೆಂದ ಕೋಳಿಯ ಚರ್ಮ ಗರಿಗರಿ ಆಗುವುದು ಹೇಗೆ, ನೀವೇ ಹೇಳಿ.

ತರಕಾರಿಗೆ ಗುಜ್ಜೆಗಿಂತ ಒಳ್ಳೆಯದಿಲ್ಲ. ಇಂಡೋನೇಷ್ಯಾದಲ್ಲೂ ಎಳೆ ಹಲಸಿನ ರೆಂಡಾಂಗ್ ಮಾಡುತ್ತಾರೆ. ಮೊದಲೇ ಉಪ್ಪು ಹಾಕಿ ಅರ್ಧ ಬೇಯಿಸಿ, ಹಿಂಡಿ, ರಸ ಗಟ್ಟಿಯಾದ ಮೇಲೆ ಸೇರಿಸಿ.

ಯಾವುದರ ಜೊತೆ ತಿನ್ನೋದು?

ಈದ್ ಹಬ್ಬಕ್ಕೆ, ಇಲ್ಲಿ ಹರಿ ರಾಯ ಎನ್ನುತ್ತಾರೆ, ಕೆತುಪಾತ್ ಮತ್ತು ಲೆಮಾಂಗ್ ಜೊತೆ. ಕೆತುಪಾತ್ ಅಂದರೆ ತೆಂಗಿನ ಗರಿ ಹೆಣೆದು ಅದರೊಳಗೆ ಬೇಯಿಸಿದ ಅನ್ನ. ನಮ್ಮ ಮೂಡೆ ನೆನಪಾಗುತ್ತದೆ. ಲೆಮಾಂಗ್ ಅಂದರೆ ಬಿದಿರಿನ ಒಳಗೆ ಬಾಳೆಲೆ ಸುತ್ತಿ, ಅಂಟಕ್ಕಿ ಕಾಯಿಹಾಲು ತುಂಬಿ ಬೆಂಕಿಯ ಪಕ್ಕ ನಿಲ್ಲಿಸಿ ಬೇಯಿಸಿದ್ದು. ನಮ್ಮ ಮನೆಯಲ್ಲಿ ನೀರ್ ದೋಸೆ. ಮಕ್‌ಚಿಕ್‌ಗೂ ಈಗ ಅದೇ ಇಷ್ಟ, ಹಬ್ಬಕ್ಕೆ ಕೇಳಿ ತರಿಸಿಕೊಳ್ಳುತ್ತಾರೆ.

ಎಷ್ಟು ದಿನ ಇಡಬಹುದು?

ಪೂರ್ತಿ ಆರಿಸಿದ ಒಣ ರೆಂಡಾಂಗನ್ನು ಹಿಂದಿನವರು ಹೊರಗೇ ವಾರಗಟ್ಟಲೆ ಇಡುತ್ತಿದ್ದರು. ನಾನು ಆ ಸಾಹಸ ಮಾಡುವುದಿಲ್ಲ, ನೀವೂ ಬೇಡ. ಫ್ರಿಜ್ಜಿನಲ್ಲಿ ನಾಲ್ಕೈದು ದಿನ, ಫ್ರೀಜರಿನಲ್ಲಿ ಎರಡು ತಿಂಗಳು. ಮಾಡಿದ ದಿನಕ್ಕಿಂತ ಮರುದಿನ ರುಚಿ ಹೆಚ್ಚು. ಬಿಸಿ ಮಾಡುವಾಗ ನೀರು ಚಿಮುಕಿಸಬೇಡಿ, ಅದರದ್ದೇ ಎಣ್ಣೆ ಸಾಕು.

ಹಬ್ಬಕ್ಕೆ ಐದು ಕಿಲೋ ಮಾಡಬೇಕು. ಎಲ್ಲ ಅಳತೆ ಐದು ಪಟ್ಟು ಮಾಡಲಾ?

ಮಾಡಬೇಡಿ. ಮಾಂಸ, ಮೆಣಸು, ಈರುಳ್ಳಿ, ಕೆರಿಸಿಕ್ ಐದು ಪಟ್ಟು ಸರಿ. ಕಾಯಿಹಾಲು ಮೂರೂವರೆ ಪಟ್ಟು ಸಾಕು. ಮಾಂಸವೇ ತುಂಬ ನೀರು ಬಿಡುತ್ತದೆ, ದೊಡ್ಡ ಪಾತ್ರೆಯಲ್ಲಿ ಅದು ಆರುವುದು ನಿಧಾನ. ಚಕ್ಕೆ, ಲವಂಗ, ಚಕ್ರಮೊಗ್ಗು ಎರಡೂವರೆ ಪಟ್ಟು ದಾಟಿದರೆ ಬಿರಿಯಾನಿ ವಾಸನೆ ಬರುತ್ತದೆ. ಎಣ್ಣೆಯೂ ಮೂರು ಪಟ್ಟು ಸಾಕು, ಕಾಯಿ ತಾನೇ ಬಿಡುತ್ತದೆ. ಉಪ್ಪು ಕೊನೆಗೆ, ರುಚಿ ನೋಡಿ.

ಇಲ್ಲಿ ಹಬ್ಬದ ಹಿಂದಿನ ರಾತ್ರಿ ಅಂಗಳದಲ್ಲಿ ಸೌದೆ ಒಲೆ ಹೂಡಿ, 'ಕಾವಾ' ಎಂಬ ದೊಡ್ಡ ಕಡಾಯಿಯಲ್ಲಿ ಮಾಡುತ್ತಾರೆ. ಸಟ್ಟುಗ ದೋಣಿಯ ಹುಟ್ಟಿನಷ್ಟು ಉದ್ದ. ಒಬ್ಬರ ಕೈ ಸೋತರೆ ಇನ್ನೊಬ್ಬರು. ಮನೆಯ ಗ್ಯಾಸ್ ಒಲೆಯಲ್ಲಾದರೆ ಎರಡು ಬಾಣಲೆಗೆ ಹಂಚಿಕೊಳ್ಳಿ, ಐದು ಗಂಟೆ ಎಂದು ಲೆಕ್ಕ ಹಾಕಿ. ಸಿಲಿಂಡರ್ ತುಂಬಿದೆಯಾ ಎಂದು ಮೊದಲೇ ನೋಡಿಕೊಳ್ಳಿ. ಕಳೆದ ವರ್ಷ ನನ್ನದು ಪ್ಲಪ್ ಪ್ಲಪ್ ಎನ್ನುವಾಗ ಖಾಲಿಯಾಯಿತು, ರಾತ್ರಿ ಹನ್ನೊಂದೂವರೆಗೆ ಬಾಣಲೆ ಹೊತ್ತುಕೊಂಡು ಮಕ್‌ಚಿಕ್ ಮನೆಯ ಬಾಗಿಲು ತಟ್ಟಿದೆ.